ತೆಳು ಗಿಟಾರ್ ನೆಕ್‌ಗೆ ಯಾವ ಟ್ರಸ್ ರಾಡ್ ಹಾಕಿದ್ದೀರಿ?

ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮನೆಯಲ್ಲೇ ಒಂದು ಎಲೆಕ್ಟ್ರಿಕ್ ಗಿಟಾರ್ ಮಾಡುತ್ತಿದ್ದೇನೆ. ಬಾಡಿ ಮುಗಿದಿದೆ, ಈಗ ನೆಕ್ (ಎಡಗೈ ಹಿಡಿಯುವ ಉದ್ದನೆಯ ಕತ್ತು), ಅದರೊಳಗೆ ತಂತಿಯ ಎಳೆತಕ್ಕೆ ನೆಕ್ ಬಾಗದಂತೆ ಹಿಡಿಯುವ ಲೋಹದ ಸರಳು, ಅಂದರೆ ಟ್ರಸ್ ರಾಡ್, ಇವುಗಳ ಸರದಿ. ನನಗೆ ಇಬಾನೆಜ್ ವಿಝಾರ್ಡ್ 3 ತರಹ ತೆಳು ನೆಕ್ ಬೇಕು. ದಪ್ಪ ಮೊದಲ ಫ್ರೆಟ್ (ಸ್ವರ ಬದಲಿಸುವ ಅಡ್ಡ ಲೋಹದ ಪಟ್ಟಿ) ಹತ್ತಿರ 19 ಮಿ.ಮೀ., 12ನೇ ಫ್ರೆಟ್ ಹತ್ತಿರ 21 ಮಿ.ಮೀ. ಮೇಪಲ್ ನೆಕ್, ಅದರ ಮೇಲೆ 6 ಮಿ.ಮೀ. ಬೀಟೆ ಫ್ರೆಟ್‌ಬೋರ್ಡ್ (ಫ್ರೆಟ್ ಕೂರುವ ಹಲಗೆ). 648 ಮಿ.ಮೀ. ಸ್ಕೇಲ್ (ತಂತಿಯ ಮಿಡಿಯುವ ಉದ್ದ), 24 ಫ್ರೆಟ್, ಸ್ಕ್ರೂ ಹಾಕಿ ಬಾಡಿಗೆ ಕೂರಿಸುವ ನೆಕ್. ಒಂದೇ ಕಡೆಗೆ ಎಳೆಯುವ ರಾಡ್ ಸಾಕಾ, ಎರಡೂ ಕಡೆಗೆ ಬಾಗುವ ಟೂ-ವೇ ರಾಡೇ ಬೇಕಾ? ನೆಕ್ ಗಟ್ಟಿಯಾಗಲು ಕಾರ್ಬನ್ ಫೈಬರ್ ಪಟ್ಟಿ ಸೇರಿಸಬೇಕಾ? ಸ್ವತಃ ಮಾಡಿ ನೋಡಿದವರು ಹೇಳಿ.

ಬೆಂಗಳೂರಿನಿಂದ, ಗಿಟಾರ್ ಕಟ್ಟುವ ಹವ್ಯಾಸದವರು:

ಮೊದಲು ರಾಡ್ ತರಿಸಿ. ಅದು ಕೈಗೆ ಬಂದ ಮೇಲೆ ವರ್ನಿಯರ್ ಹಿಡಿದು ಅಳೆದು ನೆಕ್‌ನ ಡ್ರಾಯಿಂಗ್ ಮಾಡಿ. ತೆಳು ನೆಕ್‌ನಲ್ಲಿ ರಾಡ್ ಯಾವ ಕಂಪನಿಯದು ಅನ್ನುವುದು ಆಮೇಲಿನ ಮಾತು. ರಾಡ್ ಕೂರಲು ಮೇಪಲ್‌ನಲ್ಲಿ ಗ್ರೂವ್ ಕೊರೆದ ಮೇಲೆ ಹಿಂದೆ ಎಷ್ಟು ಮರ ಉಳಿಯುತ್ತದೆ ಅನ್ನುವುದನ್ನು ಮೊದಲು ನೋಡಬೇಕು.

ನಿಮ್ಮದೇ ಲೆಕ್ಕ ತೆಗೆದುಕೊಳ್ಳಿ. 19ರಲ್ಲಿ ಫ್ರೆಟ್‌ಬೋರ್ಡ್‌ನ 6 ಕಳೆದರೆ ಮೇಪಲ್ 13 ಮಿ.ಮೀ. ಅಮೆರಿಕದ ಕೆಲವು ಟೂ-ವೇ ರಾಡ್‌ಗಳಿಗೆ 11 ಮಿ.ಮೀ. ಆಳದ ಗ್ರೂವ್ ಬೇಕು. ಅದನ್ನು ಹಾಕಿದರೆ ಹಿಂದೆ ಉಳಿಯುವುದು ಬರೀ 2 ಮಿ.ಮೀ. ಆಮೇಲೆ ಉಪ್ಪುಕಾಗದ ಉಜ್ಜುವುದು ಬೇರೆ ಇದೆ! 9 ಮಿ.ಮೀ. ರಾಡ್ ಆದರೆ 4 ಉಳಿಯುತ್ತದೆ. ನಾನು 3ಕ್ಕಿಂತ ಕೆಳಗೆ ಇಳಿಯುವುದಿಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ. ರಾಡ್ ಬಿಗಿ ಮಾಡಿದಾಗ ಅದರ ನಡುಭಾಗ ಫ್ರೆಟ್‌ಬೋರ್ಡ್ ಕಡೆಗೆ ಉಬ್ಬುತ್ತದೆ, ಎರಡು ತುದಿಗಳು ಗ್ರೂವ್‌ನ ತಳವನ್ನು ಒತ್ತುತ್ತವೆ. ಒಂದು ತುದಿ ಹೀಲ್‌ನಲ್ಲಿದೆ (ನೆಕ್ ಬಾಡಿಗೆ ಸೇರುವ ಕಡೆ), ಅಲ್ಲಿ ಮರ ದಪ್ಪ, ಚಿಂತೆ ಇಲ್ಲ. ಇನ್ನೊಂದು ತುದಿ ಮೊದಲ ಫ್ರೆಟ್ ಹತ್ತಿರ, ನೆಕ್ ಎಲ್ಲಕ್ಕಿಂತ ತೆಳುವಾಗಿರುವ ಜಾಗದಲ್ಲೇ ಕೂರುತ್ತದೆ. ವೆಲ್ಡಿಂಗ್ ಅಥವಾ ಹಿತ್ತಾಳೆ ತುಂಡು ಇರುವುದರಿಂದ ರಾಡ್‌ನ ತುದಿ ನಡುಭಾಗಕ್ಕಿಂತ ದಪ್ಪ ಇರುವುದೂ ಉಂಟು. ಮೈ 9 ಇದ್ದು ತುದಿ 10 ಇದ್ದರೆ ಅಲ್ಲಿ ನಿಮಗೆ ಉಳಿಯುವುದು 3. ಅದಕ್ಕೇ ತುದಿಯನ್ನು ಅಳೆಯಿರಿ ಅಂದಿದ್ದು. ಇಡೀ ಗ್ರೂವ್ ಆಳ ಮಾಡಬೇಡಿ, ತುದಿ ಕೂರುವಲ್ಲಿ ಮಾತ್ರ ಇಳಿಸಿ.

ಉದ್ದದ ವಿಷಯ. 648 ಸ್ಕೇಲ್‌ನಲ್ಲಿ ನಟ್‌ನಿಂದ (ನೆಕ್‌ನ ತಲೆಯ ಕಡೆ ತಂತಿ ಹಾಯುವ ಪಟ್ಟಿ) 24ನೇ ಫ್ರೆಟ್‌ವರೆಗೆ 486 ಮಿ.ಮೀ. 440ರ ರಾಡ್ ಅನ್ನು ಹೀಲ್ ತುದಿಗೆ ಹೊಂದಿಸಿದರೆ ಅದು ಮೊದಲ ಫ್ರೆಟ್ ದಾಟಿದ ಮೇಲಷ್ಟೇ ಶುರುವಾಗುತ್ತದೆ. 460 ಆದರೆ ಮೊದಲ ಫ್ರೆಟ್ ದಾಟಿ ಸ್ವಲ್ಪ ನಟ್ ಕಡೆಗೆ ತಲುಪುತ್ತದೆ. 24 ಫ್ರೆಟ್‌ಗೆ 460ನ್ನೇ ಕೇಳಿ. ಆ ಅಳತೆಯಲ್ಲಿ ರಾಡ್ ಬಿಗಿ ಮಾಡಲು ತಿರುಗಿಸುವ ಚಕ್ರ ಸೇರಿದೆಯಾ ಅಂತಲೂ ಕೇಳಿ.

ಮಂಗಳೂರಿನಿಂದ, ರಿಪೇರಿ ಮಾಡುವವರು:

ಮೇಲಿನವರು ಹೇಳಿದ್ದು ಸರಿ. ಮೊದಲ ಫ್ರೆಟ್ ಹಿಂಭಾಗದಲ್ಲಿ ಸಣ್ಣ ಉಬ್ಬು, ಅದರ ಮೇಲೆ ಕೂದಲೆಳೆಯಂಥ ಬಿರುಕು ಇರುವ ನೆಕ್ ನನ್ನ ಟೇಬಲ್‌ಗೂ ಬಂದಿದೆ.

ನಮ್ಮ ಕರಾವಳಿಯಲ್ಲಿ ಮಳೆಗಾಲಕ್ಕೂ ಬೇಸಿಗೆಗೂ ನೆಕ್ ಒಂದೇ ಥರ ಇರುವುದಿಲ್ಲ. ತೆಳು ನೆಕ್ ಅಂತೂ ಇನ್ನೂ ಜಾಸ್ತಿ ಆಡುತ್ತದೆ. ತಂತಿ ಎಳೆಯುವ ಕಡೆಗೆ, ಅಂದರೆ ಮುಂದಕ್ಕೆ ಬಾಗಿದರೆ ಯಾವ ರಾಡ್ ಆದರೂ ಎಳೆದುಕೊಳ್ಳುತ್ತದೆ. ಹಿಂದಕ್ಕೆ ಬಾಗಿದರೆ ಒನ್-ವೇ ರಾಡ್ ಏನೂ ಮಾಡಲಾರದು. ರಾಡ್‌ನ ತಿರುಪು ಪೂರ್ತಿ ಸಡಿಲ ಮಾಡಿ, ದಪ್ಪ ತಂತಿ ಹಾಕಿ ಸುಮ್ನೆ ಕಾಯಬೇಕು. ಹಾಗಾಗಿ ಟೂ-ವೇ ತೆಗೆದುಕೊಳ್ಳಿ.

ತಿರುಗಿಸುವ ಜಾಗ ಹೀಲ್ ಕಡೆ ಇರಲಿ. ಹೆಡ್‌ಸ್ಟಾಕ್ (ತಂತಿ ಬಿಗಿಸುವ ಕೀಲಿಗಳಿರುವ ತಲೆ) ಕಡೆ ಇಟ್ಟರೆ ಅಲೆನ್ ಕೀ ಹೋಗಲು ನಟ್ ಹಿಂದೆ ಗುಳಿ ತೋಡಬೇಕು. ಮೊದಲೇ ಸಣಕಲು ಜಾಗ. ಹಿಂದಕ್ಕೆ ವಾಲಿದ ಹೆಡ್‌ಸ್ಟಾಕ್ ಆದರೆ ಗಿಟಾರ್ ಬಿದ್ದಾಗ ಮುರಿಯುವುದೂ ಅಲ್ಲೇ. ಹೀಲ್‌ನಲ್ಲಿ ತೂತುಗಳಿರುವ ಚಕ್ರ ಬರುತ್ತದಲ್ವಾ, ಸಣ್ಣ ಕಡ್ಡಿ ತೂರಿಸಿ ತಿರುಗಿಸುವಂಥದ್ದು, ಅದು ಒಳ್ಳೆಯದು. ಚಕ್ರಕ್ಕೆ ಜಾಸ್ತಿ ಆಳ ಬೇಕು, ಆದರೆ ಹೀಲ್‌ನಲ್ಲಿ ಮರಕ್ಕೇನು ಕೊರತೆ? ತಂತಿ ಬಿಚ್ಚದೇ, ನೆಕ್ ಕಳಚದೇ ಹೊಂದಿಸಬಹುದು.

ಅಂಟು ಹಾಕುವ ಮೊದಲು ರಾಡ್ ಅನ್ನು ಕೈಯಲ್ಲೇ ಪರೀಕ್ಷೆ ಮಾಡಿ. ಎರಡೂ ಕಡೆಗೆ ತಿರುಗಿಸಿ. ಬಲಕ್ಕೆ ಬಿಗಿ ಮಾಡಿದಾಗ ಯಾವ ಕಡೆ ಉಬ್ಬುತ್ತದೋ ಆ ಕಡೆ ಫ್ರೆಟ್‌ಬೋರ್ಡ್‌ಗೆ ಮುಖ ಮಾಡಬೇಕು. ಅದಕ್ಕೆ ಪೆನ್ನಿನಿಂದ ಗುರುತು ಹಾಕಿ. ತಿರುಗಿಸುವಾಗ ಕಟಕಟ ಅಂದರೆ, ವೆಲ್ಡಿಂಗ್‌ನಲ್ಲಿ ಗೆರೆ ಕಂಡರೆ, ಅಲೆನ್ ಕೀ ಸಡಿಲವಾಗಿ ಆಡಿದರೆ ವಾಪಸ್ ಕಳಿಸಿ. ಒಳಗೆ ಕೂತ ಮೇಲೆ ರಾಡ್ ಕೆಟ್ಟರೆ ಫ್ರೆಟ್‌ಬೋರ್ಡ್ ಬಿಸಿ ಮಾಡಿ ಎಬ್ಬಿಸಬೇಕು, ಆ ಕೆಲಸದ ಕೂಲಿಯಲ್ಲಿ ಹೊಸ ರಾಡ್‌ಗಳೇ ಬರುತ್ತವೆ.

ರಾಡ್ ಗ್ರೂವ್‌ನಲ್ಲಿ ಬಿಗಿಯಾಗಿ, ಮೇಪಲ್ ಮಟ್ಟಕ್ಕೆ ಸರಿಯಾಗಿ ಕೂರಬೇಕು. ಜಾಗ ಉಳಿದರೆ ನುಡಿಸುವಾಗ ಜಿರ್ ಅನ್ನುತ್ತದೆ. ಅಲ್ಲಲ್ಲಿ ಒಂದು ಚುಕ್ಕೆ ಸಿಲಿಕಾನ್ ಸಾಕು. ಅಂಟು ಹಚ್ಚುವಾಗ ಗ್ರೂವ್ ಮೇಲೆ ಮಾಸ್ಕಿಂಗ್ ಟೇಪ್ ಹಾಕಿ, ಫ್ರೆಟ್‌ಬೋರ್ಡ್ ಕೂರಿಸುವ ಮೊದಲು ಕಿತ್ತುಬಿಡಿ. ರಾಡ್‌ನ ತಿರುಪಿನ ಗೀರುಗಳಿಗೆ ಅಂಟು ಹೋಗಬಾರದು.

ಪುಣೆಯಿಂದ, ಮೆಕ್ಯಾನಿಕಲ್ ಇಂಜಿನಿಯರ್:

ಒನ್-ವೇ ರಾಡ್ ಪರವಾಗಿ ಎರಡು ಮಾತು ಹೇಳಬೇಕು ಅಂತ ಬಂದೆ. ಬಿಗಿ ಮಾಡಿ ಸಡಿಲಿಸುವ ರಾಡ್ ಹೊಸದೇನಲ್ಲ. ಗಿಬ್ಸನ್‌ನಲ್ಲಿದ್ದ ಥಡಿಯಸ್ ಮೆಕ್‌ಹ್ಯೂ ಅವರಿಗೆ ಅದರ ಪೇಟೆಂಟ್ 1923ರಲ್ಲೇ ಸಿಕ್ಕಿತು. ಫೆಂಡರ್ ನೆಕ್‌ಗಳ ಹಿಂದೆ ಕಾಣುವ ಕಡು ಕಂದು ಪಟ್ಟಿ ಇಂಥ ರಾಡ್ ತೂರಿಸಿದ ಗ್ರೂವ್ ಮುಚ್ಚಿದ್ದು. ಹಗುರ, ಸರಳ, ಕೆಡುವುದು ಕಡಿಮೆ.

ಆದರೆ ನಿಮ್ಮ ನೆಕ್‌ಗೆ ನಾನೇ ಅದನ್ನು ಹೇಳುವುದಿಲ್ಲ. ಆ ರಾಡ್ ಬಾಗಿದ ಗ್ರೂವ್‌ನಲ್ಲಿ ಕೂರಬೇಕು, ನಡುವೆ ಬೆನ್ನಿನ ಕಡೆಗೆ ಇಳಿದಿರಬೇಕು. ಬಿಗಿ ಮಾಡಿದಾಗ ನೆಟ್ಟಗಾಗಲು ನೋಡಿ ನೆಕ್ ನಡುವನ್ನು ಮೇಲಕ್ಕೆ ತಳ್ಳುತ್ತದೆ. ನೆಕ್ ತೆಳುವಾದರೆ ಆ ಬಾಗು ಕೊಡಲು ಜಾಗವೇ ಇಲ್ಲ. ಬಾಗು ಕಡಿಮೆಯಾದರೆ ರಾಡ್‌ನ ಹಿಡಿತವೂ ಕಡಿಮೆ.

ಇನ್ನು ಕಾರ್ಬನ್. ಮರ ಬಾಗದೇ ನಿಲ್ಲುವ ಗಡಸು ದಪ್ಪದ ಘನಕ್ಕೆ ತಕ್ಕಂತೆ ಇಳಿಯುತ್ತದೆ. 22 ಮಿ.ಮೀ. ನೆಕ್ ಅನ್ನು 19ಕ್ಕೆ ಇಳಿಸಿದರೆ ಹತ್ತಿರ ಹತ್ತಿರ ಮೂರನೇ ಒಂದು ಪಾಲು ಗಡಸು ಹೋಯಿತು. 10-46 ತಂತಿಗಳ (ತೆಳು ತಂತಿಯಿಂದ ದಪ್ಪ ತಂತಿವರೆಗಿನ ಅಳತೆ, ಇಂಚಿನ ಸಾವಿರದ ಭಾಗದಲ್ಲಿ) ಒಟ್ಟು ಎಳೆತ ಸುಮಾರು 46 ಕೆ.ಜಿ., 9-42 ಆದರೆ ಸುಮಾರು 38. ಹಾಗಾಗಿ ಕಾರ್ಬನ್ ಹಾಕುವುದಕ್ಕೆ ಅರ್ಥ ಇದೆ. ಆದರೆ ಪಟ್ಟಿಯನ್ನು ನಿಲ್ಲಿಸಿ ಹಾಕಿ, ಮಲಗಿಸಿದರೆ ಪ್ರಯೋಜನ ಅಷ್ಟಕ್ಕಷ್ಟೆ. ನೆಕ್‌ನ ಬೆನ್ನು ಬದಿಗಳಲ್ಲಿ ದುಂಡಗೆ ಇಳಿಯುವುದನ್ನು ಮರೆಯಬೇಡಿ. ನಡುವೆ 13 ಇದ್ದ ಮೇಪಲ್ 10 ಮಿ.ಮೀ. ಪಕ್ಕಕ್ಕೆ ಸರಿದರೆ ಅಷ್ಟಿರುವುದಿಲ್ಲ. ಅಲ್ಲಿ 6 ಮಿ.ಮೀ. ಎತ್ತರದ ಪಟ್ಟಿಗಿಂತ ದೊಡ್ಡದು ಬೇಡ. ಕೊರೆಯುವಾಗ ಮಾಸ್ಕ್ ಹಾಕಿ, ಆ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಕಾರ್ಬನ್ ಹಾಕಿದರೆ ಟೂ-ವೇ ರಾಡ್ ಕಡ್ಡಾಯ ಅಂದುಕೊಳ್ಳಿ. ಗಟ್ಟಿ ನೆಕ್, ಅದರ ಮೇಲೆ 9-42 ತಂತಿ ಅಂದರೆ ನೆಕ್ ತಾನಾಗಿ ಮುಂದಕ್ಕೆ ಬಾಗದೇ ಇರಬಹುದು. 7ನೇ ಫ್ರೆಟ್ ಹತ್ತಿರ 0.2 ಮಿ.ಮೀ. ರಿಲೀಫ್ (ತಂತಿ ಫ್ರೆಟ್‌ಗೆ ತಾಗದಂತೆ ಬಿಡುವ ಸಣ್ಣ ಬಾಗು) ಬೇಕಾದರೆ ರಾಡ್‌ನಿಂದಲೇ ಮುಂದಕ್ಕೆ ತಳ್ಳಬೇಕಾಗುತ್ತದೆ.

ಕೇಳಿದವರು ಮತ್ತೆ:

ಎಲ್ಲರಿಗೂ ಥ್ಯಾಂಕ್ಸ್ ಸರ್. 9 ಮಿ.ಮೀ. ಟೂ-ವೇ, 460 ಉದ್ದ, ಹೀಲ್ ಚಕ್ರ ಅಂತ ತೀರ್ಮಾನ ಮಾಡಿದೆ. ಫ್ರೆಟ್‌ಬೋರ್ಡ್ 5ಕ್ಕೆ ಇಳಿಸಿದರೆ ಹಿಂದೆ ಇನ್ನೊಂದು ಮಿ.ಮೀ. ಮರ ಸಿಗುತ್ತದಲ್ವಾ?

ಬೆಂಗಳೂರಿನವರು:

ಸಿಗುತ್ತದೆ, ಆದರೆ ಲೆಕ್ಕ ನೋಡಿ. ಬೋರ್ಡ್‌ನ ಮೇಲ್ಮೈಗೆ 400 ಮಿ.ಮೀ. ರೇಡಿಯಸ್‌ನ ದುಂಡು ಕೊಟ್ಟರೆ 56 ಅಗಲದ ಬೋರ್ಡ್‌ನ ಅಂಚು ನಡುಭಾಗಕ್ಕಿಂತ ಹೆಚ್ಚುಕಡಿಮೆ 1 ಮಿ.ಮೀ. ಇಳಿಯುತ್ತದೆ. 5ರ ಬೋರ್ಡ್ ಅಂಚಿನಲ್ಲಿ 4 ಆಯಿತು. ಫ್ರೆಟ್ ಕೂರಿಸಲು 2.3ರಷ್ಟು ಆಳ ಕೊಯ್ದರೆ ಉಳಿಯುವುದು 1.7. ರಾಡ್ ನಡುಭಾಗ ತಳ್ಳುವುದು ಈ ಬೋರ್ಡ್ ಅನ್ನೇ. 17 ಮಿ.ಮೀ. ನೆಕ್ ಮಾಡುವವರಿಗೆ ಬೇರೆ ದಾರಿ ಇಲ್ಲ, ನಿಮಗೆ ಆ ಕಷ್ಟ ಯಾಕೆ? 6 ಇರಲಿ. ಹಿಂದೆ ಇನ್ನೂ ಸ್ವಲ್ಪ ಮರ ಬೇಕೇ ಬೇಕು ಅಂದರೆ ಮೊದಲ ಫ್ರೆಟ್ ಹತ್ತಿರ 19.5 ಮಾಡಿ. ಕೈಗೆ ಅದರ ವ್ಯತ್ಯಾಸ ಗೊತ್ತಾಗುವುದು ಕಷ್ಟ.