ದಿಗ್ಬಂಧನ: ವ್ಯಾಪಾರ ನಿಂತಿತೇ, ಹಡಗು ನಿಂತಿತೇ?

‘1962ರ ಕ್ಯೂಬಾ ದಿಗ್ಬಂಧನ’ ಎಂದು ಬರೆದರೆ ಯಾವುದನ್ನು ತಿಳಿಯಬೇಕು? ಆ ವರ್ಷದ ಫೆಬ್ರುವರಿಯಲ್ಲಿ ಅಮೆರಿಕ ಕ್ಯೂಬಾದೊಂದಿಗಿನ ವ್ಯಾಪಾರಕ್ಕೆ ತಡೆಹಾಕಿತು. ಅಕ್ಟೋಬರಿನಲ್ಲಿ ಅದೇ ದ್ವೀಪಕ್ಕೆ ಶಸ್ತ್ರಾಸ್ತ್ರ ಹೊತ್ತು ಬರುವ ಹಡಗುಗಳನ್ನು ತಡೆಯಲು ಯುದ್ಧನೌಕೆಗಳನ್ನು ನಿಲ್ಲಿಸಿತು. ಎರಡನೆಯದು ನವೆಂಬರಿನಲ್ಲಿ ಮುಗಿಯಿತು, ಮೊದಲನೆಯದು ದಶಕಗಳ ಕಾಲ ಮುಂದುವರಿಯಿತು. ಕನ್ನಡದಲ್ಲಿ ಎರಡಕ್ಕೂ ದಿಗ್ಬಂಧನವೇ. ‘ಆರ್ಥಿಕ’, ‘ನೌಕಾ’ ಎಂಬ ವಿಶೇಷಣಗಳು ಇವೆ, ಸರಿ. ಆದರೆ ಶೀರ್ಷಿಕೆಯಲ್ಲಿ ಜಾಗ ಸಾಲದಾಗ ಮೊದಲು ಬಲಿಯಾಗುವುದು ವಿಶೇಷಣವೇ.

ರಾಜತಾಂತ್ರಿಕ ಒತ್ತಡಕ್ಕೂ ಸೇನಾಬಲಕ್ಕೂ ನಡುವಿನ ಗೆರೆ ಇಲ್ಲಿಯೇ ಹಾದುಹೋಗುತ್ತದೆ. ವಿಶ್ವಸಂಸ್ಥೆಯ ಸನ್ನದಿನ 41ನೇ ವಿಧಿ ಆರ್ಥಿಕ ಸಂಬಂಧ, ಸಾರಿಗೆ, ಅಂಚೆ ಸಂಪರ್ಕಗಳನ್ನು ಕಡಿದುಹಾಕುವ ಮಾತನ್ನು ಆಡುತ್ತದೆ. ಇದರಲ್ಲಿ ಸೇನೆಯ ಬಳಕೆ ಇಲ್ಲ. ಬ್ಲಾಕೇಡ್, ಅಂದರೆ ಸೇನಾಬಲದಿಂದ ದಾರಿ ಮುಚ್ಚುವುದು, ಬರುವುದು 42ನೇ ವಿಧಿಯಲ್ಲಿ, ಭೂ, ನೌಕಾ, ವಾಯು ಪಡೆಗಳ ಕಾರ್ಯಾಚರಣೆಯ ಸಾಲಿನಲ್ಲಿ. 1974ರಲ್ಲಿ ಸಾಮಾನ್ಯ ಸಭೆ ಅಂಗೀಕರಿಸಿದ ವ್ಯಾಖ್ಯೆಯ ಪ್ರಕಾರ, ಇನ್ನೊಂದು ದೇಶದ ಬಂದರು ಅಥವಾ ಕರಾವಳಿಯನ್ನು ಸೇನೆಯಿಂದ ಹೀಗೆ ಮುಚ್ಚುವುದು ಆಕ್ರಮಣ. 1962ರ ಅಕ್ಟೋಬರಿನ ಕ್ರಮವನ್ನು ಅಂದಿನ ಅಮೆರಿಕ ಅಧ್ಯಕ್ಷ ಕೆನಡಿ ಬ್ಲಾಕೇಡ್ ಎನ್ನದೆ ‘ಕ್ವಾರಂಟೈನ್’ ಎಂದದ್ದು ಇದೇ ಕಾರಣಕ್ಕೆ: ಮೊದಲಿನದು ಯುದ್ಧಕೃತ್ಯವೆಂದು ಆಗಲೇ ರೂಢಿಯಾಗಿತ್ತು, ಸೋವಿಯತ್ ನಾಯಕ ಕ್ರುಶ್ಚೇವ್ ಜೊತೆ ಮಾತುಕತೆಗೆ ಬಾಗಿಲು ತೆರೆದಿರಬೇಕಿತ್ತು. ಕ್ಯೂಬಾ ಸರ್ಕಾರ ಇದಕ್ಕೆ ತದ್ವಿರುದ್ಧ. ವ್ಯಾಪಾರ ತಡೆಯನ್ನೂ ಅದು ಸ್ಪ್ಯಾನಿಷ್‌ನಲ್ಲಿ ‘ಬ್ಲೊಕೇಯೊ’ (ಬ್ಲಾಕೇಡ್) ಎಂದೇ ಕರೆಯುತ್ತದೆ. ನಾವು ಯಾರ ಪಕ್ಷವನ್ನೂ ವಹಿಸದೆ, ಯೋಚನೆಯೂ ಇಲ್ಲದೆ, ಅದೇ ಕೆಲಸ ಮಾಡುತ್ತಿದ್ದೇವೆ.

ಇರಾಕ್ ಪ್ರಕರಣವೂ ಹೀಗೆಯೇ ತೊಡಕಿನದು. 1990ರ ಆಗಸ್ಟ್ 6ರಂದು ಭದ್ರತಾ ಮಂಡಳಿ ವ್ಯಾಪಾರ ನಿಲ್ಲಿಸಲು ಹೇಳಿತು. ಆಗಸ್ಟ್ 25ರ ಇನ್ನೊಂದು ನಿರ್ಣಯದಿಂದ ನೌಕಾಪಡೆಗಳಿಗೆ ಹಡಗುಗಳನ್ನು ತಡೆದು ತಪಾಸಿಸುವ ಅಧಿಕಾರ ಬಂತು. ಒಂದೇ ಪದ ಬಳಸುವ ವರದಿಯಲ್ಲಿ ಈ ಏರಿಕೆ ಕಾಣುವುದೇ ಇಲ್ಲ.

ವ್ಯಾಪಾರ ತಡೆಯಂಥ ಸ್ಯಾಂಕ್ಷನ್‌ಗೆ ‘ನಿರ್ಬಂಧ’ವನ್ನೇ ಖಾಯಂ ಮಾಡಿ, ದಿಗ್ಬಂಧನವನ್ನು ಸೇನಾ ಕ್ರಮಕ್ಕೆ ಮಾತ್ರ ಮೀಸಲಿಡಬಹುದು ಎಂಬುದು ನನ್ನ ಒಲವು. ನಿರ್ಬಂಧ ಸಪ್ಪೆ ಪದ, ಒಪ್ಪುತ್ತೇನೆ. ಆದರೆ ಗೊಂದಲಕ್ಕಿಂತ ಸಪ್ಪೆ ವಾಸಿ. ‘ಮುತ್ತಿಗೆ’ ಹೊಂದುವುದಿಲ್ಲ, ಅದರಲ್ಲಿ ಕೋಟೆಯನ್ನು ವಶಪಡಿಸಿಕೊಳ್ಳುವ ಉದ್ದೇಶ ಅಡಗಿದೆ. ಮಂತ್ರವಿಧಿಯಲ್ಲಿನ ದಿಗ್ಬಂಧನ ಒಳಗಿರುವವರನ್ನು ಕಾಪಾಡಲು ಕಟ್ಟುವುದು ಎಂಬ ತಮಾಷೆಯೂ ಇದೆ, ಆದರೆ ಆ ಅರ್ಥಕ್ಕೆ ಹಿಂದಿರುಗುವ ಕಾಲ ಮೀರಿತು.

ಹಳೆಯ ಪತ್ರಿಕೆಗಳಲ್ಲಿ ಬ್ಲಾಕೇಡ್‌ಗೆ ಬೇರೆ ಪದ ಕಂಡವರು ತಿಳಿಸಿ. ಕೆನಡಿಯ ‘ಕ್ವಾರಂಟೈನ್’ಗೆ ಏನು ಹೇಳೋಣ? ‘ಸಂಪರ್ಕ ನಿಷೇಧ’ ಎಂದರೆ ರೋಗದ ವಾಸನೆ ಬರುತ್ತದೆ, ‘ನೌಕಾ ತಡೆ’ ಎಂದರೆ ಅವರು ಮರೆಮಾಚಿದ್ದನ್ನೇ ಬಯಲು ಮಾಡಿದಂತಾಗುತ್ತದೆ.