ಗೆಂಡೆ ಹೊಟ್ಟೆ ತುಂಬ ಕೊಬ್ಬು, ಖನಿಜ ಮಿಶ್ರಣ ಕೊಡಬೇಕಾ?

ಹೊಂಡದ ಹೈದ:
ಟಾರ್ಪಾಲ್ ಹಾಸಿದ ಕೃಷಿ ಹೊಂಡದಲ್ಲಿ ಸಾಮಾನ್ಯ ಗೆಂಡೆ ಮೀನು (ಕಾಮನ್ ಕಾರ್ಪ್) ಬಿಟ್ಟಿದ್ದೇನೆ. ಮೇವು ಅಕ್ಕಿ ತೌಡು, ಕಡಲೆಕಾಯಿ ಹಿಂಡಿ, ಅಷ್ಟೇ. ತೂಕ ಬರುತ್ತಿದೆ, ಆದರೆ ಕೊಯ್ದರೆ ಕರುಳಿನ ಸುತ್ತ ಬರೀ ಕೊಬ್ಬು, ಕೆಲವಕ್ಕೆ ತಲೆ ಸೊಟ್ಟ, ಬೆನ್ನು ಡೊಂಕು. ಬೋರ್ ನೀರು ಗಡಸು, ಪಾತ್ರೆಗೆಲ್ಲ ಬಿಳಿ ಕಟ್ಟುತ್ತದೆ, ಹಾಗಾಗಿ ಕ್ಯಾಲ್ಸಿಯಂ ಕಡಿಮೆ ಇರಲಾರದು ಅಲ್ವಾ? ಹಸುವಿನ ಖನಿಜ ಮಿಶ್ರಣವನ್ನೇ ಕಲಸಿದರೆ ನಡೆಯುತ್ತಾ?

ತೌಡುಹಿಂಡಿ:
ಕ್ಯಾಲ್ಸಿಯಂ ಚಿಂತೆ ಬಿಡಿ, ಮೀನು ಅದನ್ನು ಕಿವಿರಿನಿಂದಲೇ ನೀರಿನಿಂದ ಎಳೆದುಕೊಳ್ಳುತ್ತದೆ. ನನಗೆ ಅನುಮಾನ ರಂಜಕದ (ಫಾಸ್ಫರಸ್) ಮೇಲೆ. ಅದು ನೀರಿನಲ್ಲಿ ತೀರಾ ಕಡಿಮೆ, ಮೇವಿನಿಂದಲೇ ಬರಬೇಕು. ತೌಡಿನಲ್ಲಿ ಬೇಕಾದಷ್ಟಿದೆ, ಆದರೆ ಬಹುಪಾಲು ಫೈಟೇಟ್ ಎಂಬ ಸಂಯುಕ್ತದ ರೂಪದಲ್ಲಿ ಬಂಧಿಯಾಗಿರುತ್ತದೆ, ಮೀನಿಗೆ ಅದನ್ನು ಬಿಡಿಸಿಕೊಳ್ಳಲು ಆಗುವುದಿಲ್ಲ. ಮೀನಿನ ಪುಡಿ ಹಾಕುತ್ತೇನೆ ಅಂದರೂ ಪೂರ್ತಿ ದಕ್ಕಲ್ಲ, ಯಾಕೆಂದರೆ ಗೆಂಡೆಗೆ ಜಠರವೇ ಇಲ್ಲ, ಮೂಳೆಯ ರಂಜಕ ಕರಗಿಸುವ ಆಮ್ಲ ಎಲ್ಲಿಂದ ಬರಬೇಕು? ಗೆಂಡೆಗೆ ಮೇವಿನಲ್ಲಿ ದಕ್ಕುವ ರಂಜಕ ಶೇ. 0.6ರಿಂದ 0.7ರಷ್ಟು ಬೇಕು. ಕೊರತೆಯಾದರೆ ಮೂಳೆ ಸರಿಯಾಗಿ ಗಟ್ಟಿಯಾಗುವುದಿಲ್ಲ, ತಿಂದದ್ದು ಕೊಬ್ಬಾಗಿ ಕೂರುತ್ತದೆ. ಹಸುವಿನ ಮಿಶ್ರಣದಲ್ಲಿ ಕ್ಯಾಲ್ಸಿಯಂ ಜಾಸ್ತಿ, ಅದು ಫೈಟೇಟ್ ಜೊತೆ ಸೇರಿ ಸತುವನ್ನೂ ತಡೆಯುತ್ತದೆ, ಬೇಡ. ಮೋನೊಕ್ಯಾಲ್ಸಿಯಂ ಫಾಸ್ಫೇಟ್ ತನ್ನಿ. 100 ಕೆಜಿ ಮೇವಿಗೆ 1 ಕೆಜಿ ಕಲಸಿದರೆ ಸುಮಾರು ಶೇ. 0.2ರಷ್ಟು ರಂಜಕ ಸೇರುತ್ತದೆ.

ಗಾಳದ ಗಿರಾಕಿ:
ಎಲ್ಲವನ್ನೂ ರಂಜಕದ ತಲೆಗೆ ಕಟ್ಟಬೇಡಿ. ತೌಡಿನಲ್ಲೇ ಎಣ್ಣೆ ಜಾಸ್ತಿ, ಪ್ರೋಟೀನ್ ಕಡಿಮೆ, ಅದನ್ನೇ ಸುರಿದರೆ ಕೊಬ್ಬು ಬರದೆ ಏನು ಬರುತ್ತದೆ? ಮೊದಲು ತೌಡು ಇಳಿಸಿ ಹಿಂಡಿ ಏರಿಸಿ. ಡೊಂಕು ಬೆನ್ನಿಗೆ ವಿಟಮಿನ್ ಸಿ ಕೊರತೆಯೂ ಕಾರಣ ಇರಬಹುದು, ಮರಿ ತಂದ ಕಡೆಯದೇ ದೋಷವೂ ಇರಬಹುದು.

ತೌಡುಹಿಂಡಿ:
ಒಪ್ಪಿದೆ, ಆದರೆ ಟಾರ್ಪಾಲ್ ಮರೀಬೇಡಿ. ಮಣ್ಣಿನ ಕೆರೆಯಲ್ಲಿ ಹುಳು ಹುಪ್ಪಟೆ, ಪ್ಲವಕ (ನೀರಲ್ಲಿ ತೇಲುವ ಸೂಕ್ಷ್ಮ ಜೀವಿಗಳು) ತಿಂದು ಮೀನು ಖನಿಜ ಸರಿದೂಗಿಸಿಕೊಳ್ಳುತ್ತದೆ, ಇಲ್ಲಿ ಅದು ಕಡಿಮೆ. ಅನುಮಾನ ಇದ್ದರೆ ಮೀನುಗಾರಿಕೆ ಕಾಲೇಜಿನಲ್ಲಿ ಇಡೀ ಮೀನಿನ ಬೂದಿ (ಸುಟ್ಟ ಮೇಲೆ ಉಳಿಯುವ ಖನಿಜಾಂಶ), ಕೊಬ್ಬು, ನೀರಿನಂಶ ಅಳೆಸಿ. ಕೊಬ್ಬು ಏರಿದಷ್ಟು ನೀರು ಇಳಿಯುತ್ತದೆ, ಎರಡೂ ಸೇರಿ ಸುಮಾರು ಶೇ. 80. ಹಾಗಾಗಿ ಕೊಬ್ಬೊಂದನ್ನೇ ನೋಡಿದರೆ ಗೊತ್ತಾಗಲ್ಲ, ಬೂದಿಯೂ ಕಡಿಮೆ ಬಂದರೆ ಮೂಳೆಗೆ ಖನಿಜ ಸಾಲುತ್ತಿಲ್ಲ ಅಂತ.

ಹೊಂಡದ ಹೈದ:
ಸರಿ, ತೌಡು ಅರ್ಧಕ್ಕೆ ಇಳಿಸುತ್ತೇನೆ. ಫಾಸ್ಫೇಟ್ 2 ಕೆಜಿ ಹಾಕಿಬಿಡಲಾ?

ತೌಡುಹಿಂಡಿ:
ಸುಮ್ನೆ ಜಾಸ್ತಿ ಹಾಕಬೇಡಿ. ಉಳಿದದ್ದು ನೀರಿಗೇ ಹೋಗಿ ಪಾಚಿ ಎಬ್ಬಿಸುತ್ತದೆ, ಬೆಳಗಿನ ಜಾವ ಆಮ್ಲಜನಕ ಸಾಲದೆ ಮೀನು ಬಾಯಿ ತೆರೆದು ಮೇಲೆ ಬರುತ್ತವೆ.