ಗಣೇಶ, ಮಿಲಾದ್ ಒಟ್ಟೊಟ್ಟಿಗೆ ಬಂದರೆ ನಿಮ್ಮ ಬೀದೀಲಿ ಏನ್ ಮಾಡ್ತೀರಿ?

ಮೂರನೇ ಕ್ರಾಸ್:
ಬೆಂಗಳೂರಿನ ಹಳೇ ಬಡಾವಣೆ ನಮ್ಮದು. ಗಣೇಶನ ಪೆಂಡಾಲಿಗೂ ಮಸೀದಿ ಗೇಟಿಗೂ ಮಧ್ಯೆ ನಾಲ್ಕು ಅಂಗಡಿ ಅಷ್ಟೇ. 2023, 24, 25 ಮೂರೂ ವರ್ಷ ಗಣೇಶನ ಹಬ್ಬದ ಬೆನ್ನಿಗೇ ಈದ್ ಮಿಲಾದ್ ಬಂತು. ಒಂದೇ ಕರೆಂಟ್ ಕಂಬಕ್ಕೆ ಕೇಸರಿ ಬಂಟಿಂಗ್ಸೋ ಹಸಿರು ಬಂಟಿಂಗ್ಸೋ ಅಂತ ಮಾತು ಬೆಳೀತು. ಹೊಡೆದಾಟ ಆಗಿಲ್ಲ, ಆದರೆ ಹಾಲಿನ ಬೂತ್ ಹತ್ರ ಸಿಕ್ಕರೂ ಹುಡುಗರು ಮುಖ ತಿರುಗಿಸ್ತಾರೆ. ಸೌಹಾರ್ದ ಸಮಾವೇಶ ಮಾಡೋಣ ಅಂತಿದಾರೆ ಹಿರಿಯರು. ಉಪಯೋಗ ಇದೆಯಾ?

ಪೇಟೆಯವನು:
ಸಮಾವೇಶ ಬೇಡ ಸಾರ್. ಶಾಲು, ಹಾರ, ಕೈ ಕೈ ಹಿಡಿದ ಫೋಟೊ. ಕಂಬ ಹತ್ತೋ ಹುಡುಗರು ಆ ಫೋಟೊದಲ್ಲಿ ಇರೋದೇ ಇಲ್ಲ.

ನಮ್ಮ ಕರಗ ನೋಡಿ. ಚೈತ್ರ ಹುಣ್ಣಿಮೆ ರಾತ್ರಿ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹೊರಟಿದ್ದು ಕಾಟನ್‌ಪೇಟೆಯ ಮಸ್ತಾನ್ ಸಾಬ್ ದರ್ಗಾಕ್ಕೆ ಬಂದೇ ಮುಂದಕ್ಕೆ ಹೋಗೋದು. ಕತ್ತಿ ಹಿಡಿದ ವೀರಕುಮಾರರ 'ಗೋವಿಂದಾ ಗೋವಿಂದಾ' ದರ್ಗಾದ ಬಾಗಿಲಲ್ಲೇ ಕೇಳುತ್ತೆ. 2022ರಲ್ಲಿ ಕೆಲವರು 'ದರ್ಗಾಕ್ಕೆ ಹೋಗಕೂಡದು' ಅಂತ ಪಟ್ಟು ಹಿಡಿದರು. ದರ್ಗಾದವರು ದೇವಸ್ಥಾನಕ್ಕೇ ಬಂದು ಕರೆದರು, ದೇವಸ್ಥಾನದವರು ಪದ್ಧತಿ ಬಿಡಲ್ಲ ಅಂದರು, ಕರಗ ಹೋಯ್ತು. ಬಳಕೆ ಮೊದಲೇ ಇತ್ತಲ್ಲ, ಹೊಸದಾಗಿ ಪರಿಚಯ ಮಾಡಿಕೊಳ್ಳೋ ಕಷ್ಟ ಇರಲಿಲ್ಲ.

ಹಬ್ಬಕ್ಕೆ ತಿಂಗಳು ಮೊದಲೇ ಎರಡೂ ಕಡೆಯಿಂದ ಇಬ್ಬಿಬ್ಬರು ಹುಡುಗರನ್ನ ಕೂರಿಸಿ. ಯಾವ ಕಂಬ ಯಾರಿಗೆ, ನಮಾಜ್ ಹೊತ್ತಲ್ಲಿ ತಮಟೆ ಎಲ್ಲಿ ನಿಲ್ಲಬೇಕು, ಬಂಟಿಂಗ್ಸ್ ಯಾವತ್ತು ಬಿಚ್ತೀರಿ, ಇಷ್ಟೇ ಮಾತು. ಠಾಣೆಯ ಶಾಂತಿ ಸಭೆಗೆ ಕಾಯಬೇಡಿ. ಅಲ್ಲಿ ಸಾಹೇಬ್ರು ಮಾತಾಡ್ತಾರೆ, ಮಿಕ್ಕವರು ಟೀ ಕುಡೀತಾರೆ.

ಮುಂಬೈ ಕನ್ನಡತಿ:
ಇಲ್ಲಿ 2023ರಲ್ಲಿ ಅನಂತ ಚತುರ್ದಶಿಯ ವಿಸರ್ಜನೆ, ಮಿಲಾದ್ ಎರಡೂ ಸೆಪ್ಟೆಂಬರ್ 28ಕ್ಕೇ ಬಿದ್ದವು. ಮುಸ್ಲಿಮರು ಮೆರವಣಿಗೇನ 29ಕ್ಕೆ ಹಾಕಿಕೊಂಡರು. 2025ರಲ್ಲೂ ಅವರೇ ಮುಂದಕ್ಕೆ ಹಾಕಿದರು. ದೊಡ್ಡತನವೇ, ಒಪ್ತೀನಿ. ನಿಮ್ಮ ಬೀದೀಲಿ ಮಾತ್ರ ಪ್ರತಿಸಲ ಒಂದೇ ಕಡೆಯವರಿಗೆ 'ಸ್ವಲ್ಪ ಸರೀರಪ್ಪ' ಅನ್ನಬೇಡಿ.

ನಿದ್ದೆಗೆಟ್ಟವ:
ಮೈಕಿನ ಮಾತೂ ಆಗಲಿ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಾಕಬಾರದು, ವಸತಿ ಪ್ರದೇಶದಲ್ಲಿ ಹಗಲಿಗೇ 55 ಡೆಸಿಬಲ್ ಮಿತಿ. ನಮ್ಮ ಕೂಸಿಗೆ ಯಾವ ಧರ್ಮದ ಡಿಜೆ ಆದರೂ ಒಂದೇ ಅಳು.

ಮೂರನೇ ಕ್ರಾಸ್:
ಮಸೀದಿ ಕಡೆ ಹುಡುಗ ಒಬ್ಬ ನನ್ನ ತಮ್ಮನ ಕ್ರಿಕೆಟ್ ಟೀಮಲ್ಲಿದಾನೆ, ಅವನನ್ನೇ ಹಿಡೀತೀನಿ. ಒಂದು ಅನುಮಾನ. ಎರಡೂ ಕಡೆಗೆ ಬಂಟಿಂಗ್ಸ್ ಕೊಡಿಸೋರು ಒಬ್ಬರೇ, ಮುಂದಿನ ಚುನಾವಣೆಗೆ ಟಿಕೆಟ್ ಕೇಳ್ತಿರೋ ಅಣ್ಣ. ಅವರನ್ನೂ ಕರೀಲಾ?

ಪೇಟೆಯವನು:
ಬ್ಯಾಡ. ಫ್ಲೆಕ್ಸ್ ಸಮೇತ ಬರ್ತಾರೆ.